ಸೇರ್ಪಡೆ, ಉಳಿವು ಮತ್ತು ಉಪಾಧ್ಯಾಯ ವರ್ಗ: ದಂಡಿನ ರಿಚರ್ಡ್ಸ್ ಟೌನಿನಿಂದ ಒಂದು ವಿವೇಚನೆ

೧. ಪ್ರಸ್ತಾವನೆ

ಒಂದು ದೇಶದ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಮೂರು ಬಗೆಯ ಅಂಕಿಗಳನ್ನು ಆಶ್ರಯಿಸುತ್ತಾರೆ. ಶಾಲೆಗೆ ಸೇರಿದ ಮಕ್ಕಳೆಷ್ಟು ಎಂಬುದು ಮೊದಲನೆಯದು. ಸೇರಿದವರ ಪೈಕಿ ಕಡೆಯ ತರಗತಿಯವರೆಗೆ ಉಳಿದವರೆಷ್ಟು ಎಂಬುದು ಎರಡನೆಯದು. ಅವರಿಗೆ ಪಾಠ ಹೇಳಲು ನೇಮಕವಾದ ಉಪಾಧ್ಯಾಯರೆಷ್ಟು ಎಂಬುದು ಮೂರನೆಯದು. ಸರ್ಕಾರದ ವರದಿಗಳಲ್ಲಿ ಈ ಮೂರೂ ಬೇರೆ ಬೇರೆ ಕೋಷ್ಟಕಗಳಲ್ಲಿ ಅಚ್ಚಾಗುತ್ತವೆ. ಓದುವವರೂ ಅವುಗಳನ್ನು ಪ್ರತ್ಯೇಕ ಪ್ರತ್ಯೇಕವಾಗಿಯೇ ಓದುವ ರೂಢಿ ಬೆಳೆದಿದೆ. ಸೇರ್ಪಡೆ ಹೆಚ್ಚಿದಾಗ ದೇಶವು ಮುಂದುವರಿಯಿತೆಂದು ಹರ್ಷಿಸುತ್ತೇವೆ. ಉಳಿವು ಕಡಮೆಯಾದಾಗ ತಂದೆತಾಯಿಗಳ ಬಡತನವನ್ನೋ ಅಜ್ಞಾನವನ್ನೋ ಕಾರಣವೆನ್ನುತ್ತೇವೆ. ಉಪಾಧ್ಯಾಯರ ಕೊರತೆಯನ್ನು ಹಣಕಾಸಿನ ಪ್ರಶ್ನೆಯೆಂದು ಬದಿಗಿಡುತ್ತೇವೆ.

ಈ ಮೂರು ಅಂಕಿಗಳು ಒಂದೇ ಸಂಗತಿಯ ಮೂರು ಮುಖಗಳೆಂಬುದನ್ನು ಇಲ್ಲಿ ತೋರಿಸುವುದು ನಮ್ಮ ಉದ್ದೇಶ. ಶಾಲೆಯ ನಿಜವಾದ ಅಳತೆ ಉಳಿವು. ಉಳಿವನ್ನು ಬಹುಮಟ್ಟಿಗೆ ನಿರ್ಧರಿಸುವವನು ಉಪಾಧ್ಯಾಯ. ಆದರೆ ನಮ್ಮ ಆಡಳಿತವು ಉಪಾಧ್ಯಾಯರ ಸಂಖ್ಯೆಯನ್ನು ಸೇರ್ಪಡೆಯ ಅಂಕಿಗೆ ಕಟ್ಟಿಹಾಕಿದೆ. ಇದರ ಫಲವಾಗಿ, ಒಮ್ಮೆ ಮಕ್ಕಳ ಸಂಖ್ಯೆ ತಗ್ಗಿದ ಬಡವರ ಶಾಲೆಯು ಮತ್ತೆ ತಲೆಯೆತ್ತಲಾರದಂತಹ ಒಂದು ಚಕ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ಅಖಿಲ ಭಾರತದ ಈ ಪ್ರಶ್ನೆಯನ್ನು ಬೆಂಗಳೂರು ದಂಡುಪ್ರದೇಶದ ರಿಚರ್ಡ್ಸ್ ಟೌನ್ ಮತ್ತು ಅದರ ನೆರೆಹೊರೆಯಿಂದ ನೋಡಲು ನಾವು ಯತ್ನಿಸಿದ್ದೇವೆ. ಅಲ್ಲಿ ಶುಲ್ಕದ ಶಾಲೆ, ಧರ್ಮದ ಶಾಲೆ, ಸರ್ಕಾರದ ಶಾಲೆ ಈ ಮೂರೂ ಸ್ವಲ್ಪ ದೂರದೊಳಗೇ ಇದ್ದು, ಒಂದರ ಏಳಿಗೆಯೂ ಇನ್ನೊಂದರ ಇಳಿತವೂ ಹೇಗೆ ಹೆಣೆದುಕೊಂಡಿವೆಯೆಂಬುದು ಸ್ಪಷ್ಟವಾಗಿ ಕಾಣುತ್ತದೆ.

೨. ದಂಡಿನ ಶಾಲೆಗಳು

೧೮೦೯ರಲ್ಲಿ ಬ್ರಿಟಿಷ್ ಸೇನೆಯು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ ಹಳೆಯ ಪೇಟೆಯ ಪೂರ್ವಕ್ಕೆ ಬೇರೊಂದು ಊರೇ ಬೆಳೆಯಿತು. ಜನರು ಇದನ್ನು ದಂಡು ಎಂದು ಕರೆದರು. ಸೈನಿಕರೊಡನೆ ಬಂದ ಗುತ್ತಿಗೆದಾರರು, ವ್ಯಾಪಾರಿಗಳು, ಕುಶಲಕರ್ಮಿಗಳು, ಮನೆಗೆಲಸದವರು ಇಲ್ಲಿಯೇ ನಿಂತರು. ಅವರಲ್ಲಿ ತಮಿಳು ಮನೆಮಾತಿನವರು ಬಹು ಮಂದಿ. ಉರ್ದು, ತೆಲುಗು, ಕನ್ನಡ ಮತ್ತು ಇಂಗ್ಲಿಷ್ ಮಾತಿನವರೂ ಇದ್ದರು. ೧೮೮೧ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿದಾಗಲೂ ದಂಡು ಮಾತ್ರ ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಆಗಿ ಉಳಿಯಿತು. ೧೯೪೭ರ ಜುಲೈ ತಿಂಗಳಲ್ಲಿ ಅದು ಮೈಸೂರಿಗೆ ಹಿಂದಿರುಗಿತು. ೧೯೪೯ರಲ್ಲಿ ಪೇಟೆ ಮತ್ತು ದಂಡುಗಳ ಪುರಸಭೆಗಳು ಸೇರಿ ಒಂದೇ ನಗರ ಕಾರ್ಪೊರೇಷನ್ ಆಯಿತು.

೧೮೯೮ರ ಪ್ಲೇಗಿನ ಬಳಿಕ ಇಕ್ಕಟ್ಟಾದ ಬೀದಿಗಳಿಂದ ಜನರನ್ನು ಹೊರಕ್ಕೆ ತರುವುದಕ್ಕಾಗಿ ಎರಡೂ ಊರುಗಳಲ್ಲಿ ಹೊಸ ಬಡಾವಣೆಗಳು ಹುಟ್ಟಿದವು. ದಂಡಿನ ಉತ್ತರ ಭಾಗದಲ್ಲಿ ರೆಸಿಡೆಂಟರಾಗಿದ್ದ ಸ್ಟುವರ್ಟ್ ಫ್ರೇಜರರ ಹೆಸರಿನ ಫ್ರೇಜರ್ ಟೌನೂ, ಸ್ಟೇಷನ್ನಿನ ಆಡಳಿತಾಧಿಕಾರಿಯಾಗಿದ್ದ ಎಫ್. ಜೆ. ರಿಚರ್ಡ್ಸರ ಹೆಸರಿನ ರಿಚರ್ಡ್ಸ್ ಟೌನೂ ಹೀಗೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ರೂಪುಗೊಂಡವು. ಉದ್ಯಾನದ ಸುತ್ತ ಅಗಲವಾದ ರಸ್ತೆಗಳು, ಹೆಂಚು ಹೊದಿಸಿದ ಬಂಗಲೆಗಳು, ಅವುಗಳ ಅಂಚಿನಲ್ಲಿ ಪಾಟರಿ ಟೌನಿನಂತಹ ದುಡಿಮೆಗಾರರ ಕೇರಿಗಳು: ಬಡಾವಣೆಯ ಈ ವಿನ್ಯಾಸವೇ ಅಲ್ಲಿಯ ಶಾಲೆಗಳ ವಿನ್ಯಾಸವೂ ಆಯಿತೆಂದು ಹೇಳಬಹುದು.

ದಂಡಿನಲ್ಲಿ ಶಾಲೆಗಳಿಗೆ ಕೊರತೆಯಿರಲಿಲ್ಲ. ಬಿಷಪ್ ಕಾಟನ್ ಶಾಲೆ ೧೮೬೫ರಲ್ಲಿಯೂ ಬಾಲ್ಡ್‌ವಿನ್ ಶಾಲೆಗಳು ೧೮೮೦ರಲ್ಲಿಯೂ ಆರಂಭವಾದವು. ರಿಚರ್ಡ್ಸ್ ಟೌನಿನಲ್ಲಿಯೇ ಇರುವ ಕ್ಲಾರೆನ್ಸ್ ಶಾಲೆಯನ್ನು ರೆಡ್‌ವುಡ್ ಸಹೋದರರು ೧೯೧೪ರಲ್ಲಿ ಸ್ಥಾಪಿಸಿದರು. ಇನ್ನೊಂದು ಕಡೆ, ಬಡ ಮಕ್ಕಳಿಗಾಗಿ ದಾನಿಗಳು ನಡೆಸಿದ ಶಾಲೆಗಳಿದ್ದವು. ಹಲಸೂರು ಕೆರೆಯ ಸಮೀಪದಲ್ಲಿ ಇಂದಿಗೂ ಅವರ ಹೆಸರಿನ ವಿದ್ಯಾಸಂಸ್ಥೆಗಳಿರುವ ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ೧೮೭೩ರಲ್ಲಿ ತಮ್ಮ ಮೊದಲ ಶಾಲೆಯನ್ನು ತೆರೆದರು. ಅಠಾರಾ ಕಚೇರಿಯ ಕಟ್ಟಡವನ್ನು ಕಟ್ಟಿಸಿದ ಗುತ್ತಿಗೆದಾರರೂ ಇವರೇ. ಇವಲ್ಲದೆ ಮಿಷನ್ನುಗಳ ತಮಿಳು ಶಾಲೆಗಳು, ಉರ್ದು ಶಾಲೆಗಳು, ಮಸೀದಿಗಳ ಮಕ್ತಬ್‌ಗಳು ಇದ್ದವು.

ಶಾಲೆಗಳು ಬಹಳವಾಗಿದ್ದರೂ ಅವು ಒಂದೇ ವ್ಯವಸ್ಥೆಯ ಮೆಟ್ಟಿಲುಗಳಾಗಿರಲಿಲ್ಲ. ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳ ಶಾಲೆಗಳಿಗೆ ಪ್ರತ್ಯೇಕ ನಿಯಮಾವಳಿ, ಪ್ರತ್ಯೇಕ ಅನುದಾನ, ಪ್ರತ್ಯೇಕ ಪರೀಕ್ಷೆ. ದೇಶಭಾಷೆಯ ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಸಿದ ಹುಡುಗನಿಗೆ ಬಂಗಲೆಗಳ ನಡುವಿನ ಶಾಲೆಯ ಐದನೆಯ ತರಗತಿಗೆ ಹೋಗುವ ಹಾದಿಯಿರಲಿಲ್ಲ. ಸೇರುವ ದಿನವೇ ಎಲ್ಲಿಯವರೆಗೆ ಉಳಿಯಬಹುದೆಂಬುದು ಬಹುಮಟ್ಟಿಗೆ ನಿಶ್ಚಯವಾಗುತ್ತಿತ್ತು.

೩. ಕಡ್ಡಾಯದ ಕಾಯಿದೆಗಳು ಮತ್ತು ನೂರಕ್ಕೆ ಹದಿನೆಂಟು

ಇದೇ ಕಾಲದಲ್ಲಿ ದೇಶದ ಇತರ ಭಾಗಗಳಲ್ಲಿ ಕಡ್ಡಾಯ ವಿದ್ಯಾಭ್ಯಾಸದ ವಿಚಾರವು ಪ್ರಬಲವಾಗುತ್ತಿತ್ತು. ಬರೋಡಾ ಸಂಸ್ಥಾನವು ೧೮೯೩ರಲ್ಲಿ ಅಮ್ರೇಲಿ ಸೀಮೆಯಲ್ಲಿ ಪ್ರಯೋಗ ನಡೆಸಿ, ೧೯೦೬ರಲ್ಲಿ ಅದನ್ನು ಸಂಸ್ಥಾನದಾದ್ಯಂತ ವಿಸ್ತರಿಸಿತು. ಗೋಪಾಲಕೃಷ್ಣ ಗೋಖಲೆಯವರು ೧೯೧೧ರಲ್ಲಿ ವೈಸರಾಯರ ಶಾಸನಸಭೆಯಲ್ಲಿ ಮಂಡಿಸಿದ ಮಸೂದೆಯು ಮರುವರ್ಷ ೧೩ಕ್ಕೆ ೩೮ ಮತಗಳಿಂದ ಬಿದ್ದುಹೋಯಿತು. ಆದರೆ ಮೈಸೂರು ಸಂಸ್ಥಾನದಲ್ಲಿ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೩ರಲ್ಲಿ, ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ ಜಾರಿಗೆ ಬಂದಿತು. ಅವರ ಆರು ವರ್ಷಗಳ ದಿವಾನಗಿರಿಯಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆಯು ಸುಮಾರು ೪,೫೦೦ರಿಂದ ಸುಮಾರು ೧೦,೫೦೦ಕ್ಕೆ ಏರಿತು. ರೆಸಿಡೆಂಟರ ಆಡಳಿತಕ್ಕೆ ಒಳಪಟ್ಟಿದ್ದ ದಂಡಿಗೆ ಮೈಸೂರಿನ ಈ ರೆಗ್ಯುಲೇಷನ್ ಅನ್ವಯಿಸಲಿಲ್ಲ. ಒಂದೇ ಬೆಂಗಳೂರಿನಲ್ಲಿ ಪೇಟೆಯ ಮಗುವಿಗೆ ಒಂದು ಕಾನೂನು, ದಂಡಿನ ಮಗುವಿಗೆ ಇನ್ನೊಂದು.

ಕಾಯಿದೆಯಿಂದ ಸೇರ್ಪಡೆ ಹೆಚ್ಚಬಲ್ಲದು; ಉಳಿವು ಹೆಚ್ಚುವುದೇ? ಈ ಪ್ರಶ್ನೆಯನ್ನು ಅಂಕಿಗಳೊಡನೆ ಎತ್ತಿದ ಶ್ರೇಯಸ್ಸು ೧೯೨೯ರ ಹಾರ್ಟಾಗ್ ಸಮಿತಿಗೆ ಸಲ್ಲಬೇಕು. ಬ್ರಿಟಿಷ್ ಇಂಡಿಯಾದಲ್ಲಿ ೧೯೨೨–೨೩ರಲ್ಲಿ ಮೊದಲನೆಯ ತರಗತಿಯಲ್ಲಿದ್ದ ಪ್ರತಿ ನೂರು ಮಕ್ಕಳಿಗೆ ೧೯೨೫–೨೬ರಲ್ಲಿ ನಾಲ್ಕನೆಯ ತರಗತಿಯಲ್ಲಿ ಕಂಡುಬಂದವರು ಕೇವಲ ೧೮ ಮಂದಿ. ಅಪವ್ಯಯ ಮತ್ತು ಸ್ಥಗಿತತೆ ಎಂಬ ಎರಡು ಶಬ್ದಗಳು ಅಂದಿನಿಂದ ನಮ್ಮ ಶಿಕ್ಷಣಶಾಸ್ತ್ರದ ಪರಿಭಾಷೆಗೆ ಸೇರಿದವು: ನಡುವೆಯೇ ಶಾಲೆ ಬಿಡುವುದು ಅಪವ್ಯಯ, ಒಂದೇ ತರಗತಿಯಲ್ಲಿ ವರ್ಷಗಟ್ಟಲೆ ನಿಲ್ಲುವುದು ಸ್ಥಗಿತತೆ.

ಈ ಅಂಕಿಯನ್ನು ಓದುವಾಗ ಚರಿತ್ರೆಯ ವಿದ್ಯಾರ್ಥಿಯು ಒಂದು ಎಚ್ಚರವನ್ನು ವಹಿಸಬೇಕು. ಅಂದಿನ ಮೊದಲನೆಯ ತರಗತಿಯಲ್ಲಿ ಹೊಸದಾಗಿ ಬಂದವರೊಡನೆ ಹಿಂದಿನ ವರ್ಷ ತೇರ್ಗಡೆಯಾಗದೆ ಉಳಿದವರೂ, ಅಣ್ಣ ಅಕ್ಕಂದಿರ ಜೊತೆಗೆ ಬಂದು ಕುಳಿತ ಎಳೆಯ ಮಕ್ಕಳೂ ಇರುತ್ತಿದ್ದರು. ಹೀಗಾಗಿ ಬಿಟ್ಟುಹೋದವರ ಲೆಕ್ಕದಲ್ಲಿ ನಿಂತುಹೋದವರೂ ಬೆರೆತಿದ್ದರು. ಡಿ. ಆರ್. ಗಾಡ್ಗೀಳ್ ಮತ್ತು ವಿ. ಎಂ. ದಾಂಡೇಕರ್ ಅವರು ಸಾತಾರಾ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು ಪರಿಶೀಲಿಸಿ ೧೯೫೫ರಲ್ಲಿ ಪ್ರಕಟಿಸಿದ ಗ್ರಂಥವು, ಒಟ್ಟು ಅಂಕಿಗಳಿಂದ ಇಳಿದು ಒಂದು ಪ್ರದೇಶದ ಶಾಲೆಗಳನ್ನೇ ನೋಡುವ ಕ್ರಮಕ್ಕೆ ಉತ್ತಮ ಮಾದರಿಯಾಗಿದೆ.

ಸ್ವತಂತ್ರ ಭಾರತದ ಸಂವಿಧಾನವು ತನ್ನ ೪೫ನೆಯ ಅನುಚ್ಛೇದದಲ್ಲಿ, ಹತ್ತು ವರ್ಷಗಳೊಳಗಾಗಿ ಹದಿನಾಲ್ಕು ವಯಸ್ಸಿನವರೆಗಿನ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ವಿದ್ಯಾಭ್ಯಾಸ ಒದಗಿಸಲು ಯತ್ನಿಸಬೇಕೆಂದು ವಿಧಿಸಿತು. ನಮ್ಮ ರಾಜ್ಯದಲ್ಲಿ ಕಡ್ಡಾಯ ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆಯು ೧೯೬೧ರಲ್ಲಿ ಬಂದಿತು. ದೇಶದ ಒಂದರಿಂದ ಐದನೆಯ ತರಗತಿಗಳಲ್ಲಿದ್ದ ಮಕ್ಕಳ ಸಂಖ್ಯೆಯು ೧೯೫೦–೫೧ರಲ್ಲಿ ೧.೯೨ ಕೋಟಿ, ೧೯೭೦–೭೧ರಲ್ಲಿ ೫.೭೦ ಕೋಟಿ, ೨೦೦೦–೦೧ರಲ್ಲಿ ೧೧.೩೮ ಕೋಟಿ. ಐವತ್ತು ವರ್ಷಗಳಲ್ಲಿ ಇದು ಸುಮಾರು ಆರು ಮಡಿಯಾಯಿತು. ಇಷ್ಟು ದೊಡ್ಡ ಏರಿಕೆಯನ್ನು ಕಂಡ ದೇಶಗಳು ವಿರಳವೆಂಬುದರಲ್ಲಿ ಸಂಶಯವಿಲ್ಲ. ಆದರೆ ಐದನೆಯ ತರಗತಿಯನ್ನು ಮುಗಿಸುವ ಮೊದಲೇ ಶಾಲೆ ಬಿಟ್ಟವರು ೧೯೬೦–೬೧ರಲ್ಲಿ ನೂರಕ್ಕೆ ೬೪.೯; ೧೯೭೦–೭೧ರಲ್ಲಿ ೬೭.೦, ೨೦೦೦–೦೧ರಲ್ಲಿಯೂ ೪೦.೭. ಸೇರ್ಪಡೆಯ ಪ್ರಮಾಣವು ನೂರಕ್ಕೆ ೯೫.೭ ಎಂದು ವರದಿಯಾದ ವರ್ಷದಲ್ಲಿಯೇ ಸೇರಿದವರಲ್ಲಿ ಐದನೆಯ ಎರಡು ಪಾಲು ಮಕ್ಕಳು ನಡುವೆಯೇ ಬಿಟ್ಟುಹೋದರು. ಒಂದು ಕೋಷ್ಟಕವು ವಿಜಯವನ್ನೂ, ಪಕ್ಕದ ಕೋಷ್ಟಕವು ಸೋಲನ್ನೂ ಸಾರುತ್ತಿದ್ದವು.

ಮೂರನೆಯ ಕೋಷ್ಟಕವನ್ನೂ ಇವುಗಳ ಪಕ್ಕದಲ್ಲಿಡೋಣ. ಪ್ರಾಥಮಿಕ ಶಾಲೆಗಳ ಉಪಾಧ್ಯಾಯರು ೧೯೫೦–೫೧ರಲ್ಲಿ ೫.೩೮ ಲಕ್ಷ, ೨೦೦೦–೦೧ರಲ್ಲಿ ೧೮.೯೬ ಲಕ್ಷ. ಮಕ್ಕಳು ಆರು ಮಡಿಯಾದ ಅವಧಿಯಲ್ಲಿ ಉಪಾಧ್ಯಾಯರು ಮೂರೂವರೆ ಮಡಿ ಮಾತ್ರ. ಮಕ್ಕಳನ್ನು ಒಳಕ್ಕೆ ಕರೆತಂದ ವೇಗದಲ್ಲಿ ಅವರಿಗೆ ಪಾಠ ಹೇಳುವವರನ್ನು ದೇಶವು ಒದಗಿಸಲಿಲ್ಲ.

೪. ಬಾಗಿಲು ತೆರೆದ ಬಗೆ

ದಂಡಿನ ಶಾಲೆಗಳ ಚರಿತ್ರೆಯಲ್ಲಿ ಇದಕ್ಕಿಂತ ಭಿನ್ನವಾದ ಒಂದು ಘಟ್ಟವಿದೆ. ಸಂವಿಧಾನದ ೩೩೭ನೆಯ ಅನುಚ್ಛೇದವು ಆಂಗ್ಲೋ-ಇಂಡಿಯನ್ ಶಾಲೆಗಳಿಗೆ ಅದುವರೆಗೆ ಸಲ್ಲುತ್ತಿದ್ದ ಅನುದಾನವನ್ನು ಮೂರು ವರ್ಷ ಯಥಾಪ್ರಕಾರ ಮುಂದುವರಿಸಿ, ಆ ಬಳಿಕ ಪ್ರತಿ ಮೂರು ವರ್ಷಕ್ಕೊಮ್ಮೆ ನೂರಕ್ಕೆ ಹತ್ತರಂತೆ ತಗ್ಗಿಸಲು ಅವಕಾಶ ಕೊಟ್ಟು, ಹತ್ತು ವರ್ಷಗಳ ಕೊನೆಯಲ್ಲಿ ನಿಲ್ಲಿಸಬೇಕೆಂದು ಹೇಳಿತು. ಜೊತೆಗೆ, ವರ್ಷಂಪ್ರತಿ ಸೇರ್ಪಡೆಯಲ್ಲಿ ನೂರಕ್ಕೆ ನಲವತ್ತು ಸ್ಥಾನಗಳನ್ನಾದರೂ ಇತರ ಸಮುದಾಯಗಳಿಗೆ ತೆರೆದಿಡದ ಸಂಸ್ಥೆಗೆ ಆ ಅನುದಾನದ ಹಕ್ಕಿಲ್ಲವೆಂದು ಷರತ್ತನ್ನು ವಿಧಿಸಿತು. ೧೯೫೪ರ ಜನವರಿಯಲ್ಲಿ ಬೊಂಬಾಯಿ ಸರ್ಕಾರವು ಇಂಗ್ಲಿಷ್ ಮನೆಮಾತಲ್ಲದ ಭಾರತೀಯ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಸೇರಿಸಬಾರದೆಂದು ಆಜ್ಞೆ ಹೊರಡಿಸಿದಾಗ, ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ಅದನ್ನು ರದ್ದುಪಡಿಸಿತು. ಹೀಗೆ ಒಂದು ಸಮುದಾಯಕ್ಕೆ ಮೀಸಲಾಗಿದ್ದ ಶಾಲೆಗಳ ಬಾಗಿಲನ್ನು ಸಂವಿಧಾನವೂ ನ್ಯಾಯಾಲಯವೂ ತೆರೆದವು. ಆಂಗ್ಲೋ-ಇಂಡಿಯನ್ ಕುಟುಂಬಗಳು ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ ಮುಂತಾದ ದೇಶಗಳಿಗೆ ವಲಸೆ ಹೋದುದರಿಂದ ತರಗತಿಗಳಲ್ಲಿ ಸ್ಥಳವೂ ಆಯಿತು.

ಈ ತೆರೆಯುವಿಕೆಯನ್ನು ಯಾರೂ ಅನ್ಯಾಯವೆನ್ನಲಾರರು. ಮುಚ್ಚಿದ ಬಾಗಿಲು ತೆರೆಯಲೇಬೇಕಾಗಿತ್ತು. ಆದರೆ ಅದು ತೆರೆದುದು ಜನಾಂಗದ ಆಧಾರವನ್ನು ಬಿಟ್ಟು ಶುಲ್ಕದ ಆಧಾರದ ಮೇಲೆ. ಸರ್ಕಾರದ ಅನುದಾನವು ಕಡಮೆಯಾದಂತೆಲ್ಲ ಶುಲ್ಕವೇ ಅಂತಹ ಶಾಲೆಗಳ ಜೀವನಾಧಾರವಾಯಿತು. ಮೊದಲು ಗುಮಾಸ್ತರ, ವ್ಯಾಪಾರಿಗಳ ಮಕ್ಕಳು ಹೋದರು. ಕ್ರಮೇಣ ಆಟೋ ಓಡಿಸುವವರೂ, ದರ್ಜಿಗಳೂ, ಮನೆಗೆಲಸದವರೂ ಕೈಲಾದಷ್ಟು ಶುಲ್ಕ ಕೊಟ್ಟು ಸಣ್ಣಪುಟ್ಟ ಖಾಸಗಿ ಕಾನ್ವೆಂಟುಗಳಿಗಾದರೂ ಮಕ್ಕಳನ್ನು ಕಳುಹಿಸತೊಡಗಿದರು. ಬಿಟ್ಟುಬಂದ ಶಾಲೆಗಳು ಯಾವುವು? ತಮಿಳು, ಉರ್ದು, ಕನ್ನಡ ಮಾಧ್ಯಮದ ಉಚಿತ ಶಾಲೆಗಳು. ಇಲ್ಲಿ ಮಗುವು ವಿದ್ಯೆಯನ್ನು ಬಿಡಲಿಲ್ಲ, ಒಂದು ಶಾಲೆಯನ್ನು ಬಿಟ್ಟಿತು. ಆದ್ದರಿಂದ ದೇಶದ ಒಟ್ಟು ಸೇರ್ಪಡೆಯಲ್ಲಿ ಈ ಚಲನೆಯು ಕಾಣುವುದೇ ಇಲ್ಲ. ಬಡಾವಣೆಯ ಮಟ್ಟದಲ್ಲಿ ನೋಡಿದರೆ ಅದೇ ಮುಖ್ಯ ಘಟನೆ.

ಭಾಷೆಯ ಪ್ರಶ್ನೆಯು ಇದರೊಳಗೆ ಬೆರೆತಿದೆ. ರಾಜ್ಯ ಸರ್ಕಾರವು ೧೯೯೪ರ ಆಜ್ಞೆಯ ಮೂಲಕ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂದು ವಿಧಿಸಿತು. ಖಾಸಗಿ ಅನುದಾನರಹಿತ ಶಾಲೆಗಳ ಮಟ್ಟಿಗೆ ಇದನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು ೨೦೦೮ರಲ್ಲಿ ತಳ್ಳಿಹಾಕಿತು. ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ೨೦೧೪ರ ಮೇ ೬ರಂದು ಆ ತೀರ್ಪನ್ನು ಎತ್ತಿಹಿಡಿಯಿತು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂಬ ಪ್ರಮತಿ ಪ್ರಕರಣದ ತೀರ್ಪು ಬಂದುದೂ ಅದೇ ದಿನ. ಒಂದೇ ದಿನದ ಈ ಎರಡು ತೀರ್ಪುಗಳು ದಂಡಿನಷ್ಟು ತೀವ್ರವಾಗಿ ತಟ್ಟುವ ಪ್ರದೇಶಗಳು ಕಡಮೆ. ಮಿಷನ್ ಶಾಲೆಗಳೂ ಭಾಷಾ ಅಲ್ಪಸಂಖ್ಯಾತರ ಶಾಲೆಗಳೂ ದಟ್ಟವಾಗಿರುವ ಇಲ್ಲಿ, ಮಾಧ್ಯಮದ ಆಯ್ಕೆ ಖಾಸಗಿ ಶಾಲೆಯ ಹಕ್ಕಾಯಿತು. ಬಡ ಮಕ್ಕಳಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನಗಳನ್ನು ಕೊಡುವ ಹೊಣೆಯಿಂದ ಅಲ್ಪಸಂಖ್ಯಾತರ ಸಂಸ್ಥೆಗಳು ಹೊರಗುಳಿದವು. ರಾಜ್ಯ ಸರ್ಕಾರವೂ ೨೦೧೯ರಿಂದ, ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿರುವ ಕಡೆ ಇತರ ಖಾಸಗಿ ಶಾಲೆಗಳಿಗೂ ಆ ಹೊಣೆಯನ್ನು ತಪ್ಪಿಸಿತು. ಬಡ ಕುಟುಂಬದ ಮಗುವಿಗೆ ಉಳಿದುದು ಸಮೀಪದ ಆ ಶಾಲೆಯೇ. ಅಲ್ಲಿ ಉಪಾಧ್ಯಾಯರಿದ್ದಾರೆಯೇ ಎಂಬುದು ಮುಂದಿನ ಪ್ರಶ್ನೆ.

೫. ಉಪಾಧ್ಯಾಯರ ಲೆಕ್ಕ

ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಒಂದರಿಂದ ಐದನೆಯ ತರಗತಿಗಳಿಗೆ ಉಪಾಧ್ಯಾಯರ ಸಂಖ್ಯೆಯನ್ನು ಹೀಗೆ ಗೊತ್ತುಪಡಿಸಿದೆ: ೬೦ ಮಕ್ಕಳವರೆಗೆ ಇಬ್ಬರು, ೯೦ರವರೆಗೆ ಮೂವರು, ೧೨೦ರವರೆಗೆ ನಾಲ್ವರು, ೨೦೦ರವರೆಗೆ ಐವರು. ಮೇಲ್ನೋಟಕ್ಕೆ ಇದು ಉದಾರವಾದ ನಿಯಮ. ಮೂವತ್ತು ಮಕ್ಕಳಿಗೊಬ್ಬ ಉಪಾಧ್ಯಾಯನೆಂದರೆ ಹಿಂದಿನ ದಶಕಗಳಿಗೆ ಹೋಲಿಸಿದಾಗ ಭಾಗ್ಯವೇ ಸರಿ.

ಆದರೆ ೧೨೦ ಮಕ್ಕಳಿದ್ದ ಒಂದು ಶಾಲೆಯನ್ನು ವಾಚಕರು ಊಹಿಸಿಕೊಳ್ಳಲಿ. ಅಲ್ಲಿ ನಾಲ್ವರು ಉಪಾಧ್ಯಾಯರು. ಮಕ್ಕಳ ಸಂಖ್ಯೆ ೮೫ಕ್ಕೆ ಇಳಿದಾಗ ಒಬ್ಬರು 'ಹೆಚ್ಚುವರಿ' ಎಂದು ಗುರುತಿಸಲ್ಪಟ್ಟು ಬೇರೆ ಶಾಲೆಗೆ ಹೋಗುತ್ತಾರೆ. ೫೮ಕ್ಕೆ ಇಳಿದಾಗ ಇಬ್ಬರೇ ಉಳಿಯುತ್ತಾರೆ. ಮಕ್ಕಳು ಅರ್ಧವಾದರು; ಉಪಾಧ್ಯಾಯರೂ ಅರ್ಧವಾದರು; ಆದರೆ ತರಗತಿಗಳು ಐದು ಇದ್ದವು, ಐದೇ ಉಳಿದವು. ಪಾಠ ಹೇಳುವ ಕೆಲಸವು ತರಗತಿಗಳನ್ನು ಅನುಸರಿಸುತ್ತದೆ, ತಲೆಗಳನ್ನಲ್ಲ. ಇಬ್ಬರಲ್ಲಿ ಒಬ್ಬರು ತರಬೇತಿಗೋ, ಇಲಾಖೆಯ ಸಭೆಗೋ, ಕಾಯಿದೆಯೇ ವಿನಾಯಿತಿ ಕೊಟ್ಟಿರುವ ಜನಗಣತಿ ಇಲ್ಲವೆ ಚುನಾವಣೆಯ ಕೆಲಸಕ್ಕೋ ಹೋದ ದಿನ ಐದು ತರಗತಿಗಳೂ ಒಬ್ಬರ ಪಾಲು. ಇದನ್ನು ಕಂಡ ತಾಯಿಯು ಮರುವರ್ಷ ಮಗುವನ್ನು ಶುಲ್ಕದ ಶಾಲೆಗೆ ಸೇರಿಸಿದರೆ ಆಕೆಯನ್ನು ದೂಷಿಸುವುದು ಹೇಗೆ? ಆ ಮಗು ಹೋದುದರಿಂದ ಸಂಖ್ಯೆ ಮತ್ತೂ ತಗ್ಗುತ್ತದೆ. ಚಕ್ರವು ಹೀಗೆ ತಿರುಗುತ್ತದೆ. ಒಂದೇ ಬಡಾವಣೆಯ ಬಡ ಮಕ್ಕಳು ತಮಿಳು, ಉರ್ದು, ಕನ್ನಡವೆಂದು ಮೂರು ಮಾಧ್ಯಮಗಳಿಗೆ ಹಂಚಿಹೋಗುವ ದಂಡಿನಂತಹ ಕಡೆ, ಒಂದೊಂದು ಮಾಧ್ಯಮದಲ್ಲಿಯೂ ಮೊದಲೇ ಸಂಖ್ಯೆ ಚಿಕ್ಕದು. ಆದ್ದರಿಂದ ಚಕ್ರವೂ ಬೇಗ ತಿರುಗುತ್ತದೆ.

ಇಡೀ ದೇಶದ ಅಂಕಿಗಳು ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತವೆ. ಕೇಂದ್ರ ಶಿಕ್ಷಣ ಮಂತ್ರಾಲಯದ ಯು-ಡೈಸ್ ಪ್ಲಸ್ ವರದಿಯಂತೆ ೨೦೨೪–೨೫ರಲ್ಲಿ ಉಪಾಧ್ಯಾಯರ ಸಂಖ್ಯೆಯು ಪ್ರಥಮ ಬಾರಿಗೆ ಒಂದು ಕೋಟಿಯನ್ನು ಮೀರಿ ೧,೦೧,೨೨,೪೨೦ ಆಯಿತು. ಮೂರರಿಂದ ಐದನೆಯ ತರಗತಿಗಳ ಹಂತದಲ್ಲಿ ಸರಾಸರಿ ೧೩ ಮಕ್ಕಳಿಗೆ ಒಬ್ಬ ಉಪಾಧ್ಯಾಯ. ಆದರೂ ಅದೇ ವರ್ಷ ದೇಶದಲ್ಲಿ ೧,೦೪,೧೨೫ ಏಕೋಪಾಧ್ಯಾಯ ಶಾಲೆಗಳಿದ್ದವು. ಅವುಗಳಲ್ಲಿ ೭,೩೪೯ ನಮ್ಮ ರಾಜ್ಯದವು. ಇನ್ನೊಂದು ಕಡೆ, ಒಂದು ಮಗುವೂ ಇಲ್ಲದ ೭,೯೯೩ ಶಾಲೆಗಳಲ್ಲಿ ೨೦,೮೧೭ ಉಪಾಧ್ಯಾಯರ ಹೆಸರುಗಳಿದ್ದವು. ಪ್ರತಿ ಶಾಲೆಗೆ ಇಬ್ಬರಾದರೂ ಇರಬೇಕೆಂದು ೧೯೮೭ರಲ್ಲಿ ಆರಂಭವಾದ 'ಕಪ್ಪುಹಲಗೆ ಕಾರ್ಯಾಚರಣೆ'ಯ ಗುರಿಯು ಮೂವತ್ತೆಂಟು ವರ್ಷಗಳ ಅನಂತರವೂ ಪೂರೈಸಿಲ್ಲ. ಸರಾಸರಿಯು ತೃಪ್ತಿಕರ, ಹಂಚಿಕೆಯು ಅತೃಪ್ತಿಕರ ಎಂಬುದು ಇದರ ತಾತ್ಪರ್ಯ.

ಅನುದಾನಿತ ಶಾಲೆಗಳಲ್ಲಿ ನಿವೃತ್ತಿಯಿಂದ ತೆರವಾದ ಸ್ಥಾನಗಳು ಬಹುಕಾಲ ತುಂಬದೆ ಉಳಿಯುವುದೂ, ಸರ್ಕಾರಿ ಶಾಲೆಗಳಲ್ಲಿ ವರ್ಷದ ಮಟ್ಟಿಗೆ ಗೌರವಧನದ ಮೇಲೆ ಬರುವ ಅತಿಥಿ ಶಿಕ್ಷಕರಿಂದ ಕೆಲಸ ನಡೆಯುವುದೂ ಸರ್ವವಿದಿತ. ಶುಲ್ಕದ ಸಣ್ಣ ಶಾಲೆಗಳಲ್ಲಿ ತರಗತಿಗೊಬ್ಬರು ಇರುತ್ತಾರೆ, ದಿಟ. ಆದರೆ ಅವರ ಸಂಬಳ ಅಲ್ಪ, ನೇಮಕಕ್ಕೆ ಭದ್ರತೆಯಿಲ್ಲ. ದಂಡಿನ ಶಾಲೆಗಳನ್ನು ಹಿಂದಿನಿಂದಲೂ ಹೊತ್ತವರಲ್ಲಿ ಸ್ತ್ರೀಯರ ಪಾತ್ರ ಹಿರಿದು. ಆಂಗ್ಲೋ-ಇಂಡಿಯನ್ ಉಪಾಧ್ಯಾಯಿನಿಯರು ವಲಸೆ ಹೋದಂತೆಲ್ಲ ಅವರ ಸ್ಥಾನಗಳಿಗೆ ಇತರ ಸಮುದಾಯಗಳ ವಿದ್ಯಾವಂತ ಸ್ತ್ರೀಯರು ಬಂದರು. ಇಡೀ ದೇಶದಲ್ಲಿಯೂ ೨೦೨೪–೨೫ರ ಹೊತ್ತಿಗೆ ಉಪಾಧ್ಯಾಯ ವರ್ಗದಲ್ಲಿ ಸ್ತ್ರೀಯರು ನೂರಕ್ಕೆ ೫೪.೨ರಷ್ಟಾಗಿದ್ದರು. ಹೆಣ್ಣುಮಕ್ಕಳು ಶಾಲೆಯಲ್ಲಿ ಉಳಿಯುವುದಕ್ಕೂ ಉಪಾಧ್ಯಾಯಿನಿಯರು ಇರುವುದಕ್ಕೂ ಸಂಬಂಧವಿದೆಯೆಂಬ ತಿಳಿವಳಿಕೆಯೇ ಈ ಏರಿಕೆಗೆ ಪ್ರೇರಕವಾದ ನೀತಿಗಳ ಹಿಂದಿತ್ತು.

೬. ಎಣಿಸುವ ಕ್ರಮದ ಬದಲಾವಣೆ

ಇತ್ತೀಚಿನ ವರ್ಷಗಳಲ್ಲಿ ಉಳಿವು ಗಮನಾರ್ಹವಾಗಿ ಸುಧಾರಿಸಿದೆಯೆಂಬುದನ್ನು ಒಪ್ಪಬೇಕು. ನಮ್ಮ ರಾಜ್ಯದಲ್ಲಿ ೨೦೦೨ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ, ಬಳಿಕ ಎಲ್ಲೆಡೆಗೂ ಹಬ್ಬಿದ ಅಕ್ಷರ ದಾಸೋಹದ ಬಿಸಿಯೂಟವು ಇದಕ್ಕೆ ಒಂದು ಕಾರಣ. ಅನುತ್ತೀರ್ಣಗೊಳಿಸಬಾರದೆಂಬ ಶಿಕ್ಷಣ ಹಕ್ಕು ಕಾಯಿದೆಯ ನಿಯಮವು ೨೦೧೯ರ ತಿದ್ದುಪಡಿಯವರೆಗೆ ಸ್ಥಗಿತತೆಯನ್ನು ಹಾಜರಿ ಪುಸ್ತಕದಿಂದಲೇ ಅಳಿಸಿಹಾಕಿತು. ೨೦೨೪–೨೫ರಲ್ಲಿ ಐದನೆಯ ತರಗತಿಯವರೆಗಿನ ಉಳಿವು ನೂರಕ್ಕೆ ೯೨.೪, ಎಂಟನೆಯ ತರಗತಿಯವರೆಗೆ ೮೨.೮. ಹಾರ್ಟಾಗ್ ಸಮಿತಿಯ ೧೮ಕ್ಕೆ ಹೋಲಿಸಿದರೆ ಇದು ಬೇರೊಂದು ಯುಗದ ಅಂಕಿ. ಆದರೆ ಹನ್ನೆರಡನೆಯ ತರಗತಿಯವರೆಗೆ ಉಳಿದವರು ೪೭.೨ ಮಾತ್ರ. ಹಿಂದೆ ನಾಲ್ಕನೆಯ ತರಗತಿಯ ಮುನ್ನ ಇದ್ದ ಕಂದಕವು ಈಗ ಪ್ರೌಢಶಾಲೆಯ ಕಡೆಗೆ ಸರಿದಿದೆ.

ಇಲ್ಲಿಯೂ ಅಂಕಿಗಳ ಹುಟ್ಟನ್ನು ಗಮನಿಸಬೇಕು. ೧೮೫೪ರ ವುಡ್ ನಿರೂಪದ ಅನಂತರ ಅನುದಾನದ ಪದ್ಧತಿ ಬಂದಂದಿನಿಂದ ಹಾಜರಿ ಪುಸ್ತಕಕ್ಕೂ ಹಣಕ್ಕೂ ನಂಟು ಏರ್ಪಟ್ಟಿದೆ. ಅನುದಾನ, ಉಪಾಧ್ಯಾಯರ ಸ್ಥಾನ, ಊಟದ ಅಕ್ಕಿ ಎಲ್ಲವೂ ಮಕ್ಕಳ ಸಂಖ್ಯೆಯನ್ನು ಅವಲಂಬಿಸಿದಾಗ, ಆ ಸಂಖ್ಯೆಯು ಶಾಲೆಯ ಆಸೆಯನ್ನೂ ಭಯವನ್ನೂ ಹೊತ್ತಿರುವುದು ಸಹಜ. ೨೦೨೨–೨೩ರಿಂದ ಮಂತ್ರಾಲಯವು ಶಾಲೆಗಳ ಒಟ್ಟು ಸಂಖ್ಯೆಗಳನ್ನು ತರಿಸುವ ಬದಲು ಒಬ್ಬೊಬ್ಬ ವಿದ್ಯಾರ್ಥಿಯ ವಿವರವನ್ನೂ ದಾಖಲಿಸುವ ಕ್ರಮಕ್ಕೆ ತಿರುಗಿತು. ಆ ವರ್ಷ ಸುಮಾರು ೨೫.೧೮ ಕೋಟಿಯಿದ್ದ ಸೇರ್ಪಡೆಯು ೨೦೨೩–೨೪ರಲ್ಲಿ ೨೪.೮೦ ಕೋಟಿ, ೨೦೨೪–೨೫ರಲ್ಲಿ ೨೪.೬೯ ಕೋಟಿ ಎಂದು ಬಂದಿತು. ಈ ಇಳಿತದಲ್ಲಿ ಜನನಗಳು ಕಡಮೆಯಾದುದರ ಪಾಲಿದೆ. ಎರಡು ಶಾಲೆಗಳಲ್ಲಿ ಹೆಸರಿದ್ದ ಮಕ್ಕಳನ್ನು ಒಮ್ಮೆ ಮಾತ್ರ ಎಣಿಸಿದುದರ ಪಾಲೂ ಇದೆ. ಹೊಸ ಕ್ರಮದ ಅಂಕಿಗಳನ್ನು ಹಳೆಯವುಗಳ ಮುಂದುವರಿಕೆಯೆಂದು ಒಂದೇ ಗೆರೆಯಲ್ಲಿ ಎಳೆಯುವುದು ಚರಿತ್ರೆಕಾರನಿಗೆ ತಕ್ಕುದಲ್ಲ.

ಮಕ್ಕಳ ಚಲನೆಗೆ ಶುಲ್ಕವು ಎಷ್ಟರಮಟ್ಟಿಗೆ ಕಾರಣವೆಂಬುದನ್ನು ಕೋವಿಡ್ ವರ್ಷಗಳು ತೋರಿಸಿದವು. ಪ್ರಥಮ್ ಸಂಸ್ಥೆಯ ಅಸರ್ ವರದಿಯಂತೆ, ಗ್ರಾಮಾಂತರ ಭಾರತದಲ್ಲಿ ೬ರಿಂದ ೧೪ ವಯಸ್ಸಿನ ಮಕ್ಕಳಲ್ಲಿ ಸರ್ಕಾರಿ ಶಾಲೆಯಲ್ಲಿದ್ದವರು ೨೦೧೮ರಲ್ಲಿ ನೂರಕ್ಕೆ ೬೫.೬, ೨೦೨೨ರಲ್ಲಿ ೭೨.೯, ೨೦೨೪ರಲ್ಲಿ ಮತ್ತೆ ೬೬.೮. ಸಂಪಾದನೆ ಕುಸಿದಾಗ ಬಂದ ಮಕ್ಕಳು, ಅದು ಚೇತರಿಸಿಕೊಂಡಾಗ ಹೊರಟುಹೋದರು. ಬಂದ ಎರಡು ವರ್ಷಗಳಲ್ಲಿ ಅವರನ್ನು ಹಿಡಿದುಕೊಳ್ಳಬಹುದಾಗಿದ್ದುದು ಉಪಾಧ್ಯಾಯರು. ಆ ಸುಸಂಧಿಯು ಕೈತಪ್ಪಿತು.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ವಿದಿತವಾಗುತ್ತವೆ. ಒಂದನೆಯದಾಗಿ, ಉಪಾಧ್ಯಾಯರ ನೇಮಕವು ಮಕ್ಕಳ ತಲೆಯೆಣಿಕೆಯನ್ನೇ ಅನುಸರಿಸುವವರೆಗೆ, ಒಮ್ಮೆ ತಗ್ಗಿದ ಶಾಲೆಯು ತಗ್ಗುತ್ತಲೇ ಹೋಗುತ್ತದೆ. ಪ್ರಾಥಮಿಕ ಹಂತದಲ್ಲಿ ತರಗತಿಗೊಬ್ಬ ಉಪಾಧ್ಯಾಯನೆಂಬುದು ಮೂಲ ನಿಯಮವಾಗಬೇಕು. ತಲೆಯೆಣಿಕೆಯು ಅದಕ್ಕಿಂತ ಹೆಚ್ಚಿನವರನ್ನು ಕೊಡುವುದಕ್ಕೆ ಮಾತ್ರ ಆಧಾರವಾಗಬೇಕು. ಅತಿ ಸಣ್ಣ ಶಾಲೆಗಳಿಗೆ ಇದು ದುಬಾರಿಯಾಗುವುದೆಂಬ ಆಕ್ಷೇಪಣೆಯಲ್ಲಿ ಹುರುಳಿದೆ. ದಂಡಿನಂತಹ ನಗರ ಪ್ರದೇಶದಲ್ಲಿ ಹತ್ತಿರ ಹತ್ತಿರವಿರುವ ಭಿನ್ನ ಮಾಧ್ಯಮಗಳ ಶಾಲೆಗಳನ್ನು, ಅವುಗಳ ಭಾಷೆಗಳನ್ನು ಕಳೆಯದೆ, ಒಂದೇ ಆವರಣಕ್ಕೆ ತಂದು ಉಪಾಧ್ಯಾಯ ವರ್ಗವನ್ನು ಒಟ್ಟುಗೂಡಿಸುವುದು ಅದಕ್ಕೆ ಒಂದು ಪರಿಹಾರ. ಎರಡನೆಯದಾಗಿ, ಸೇರ್ಪಡೆ ಮತ್ತು ಉಳಿವುಗಳನ್ನು ಒಂದೊಂದು ಶಾಲೆಯಲ್ಲಿ ಅಳೆದರೆ ಸಾಲದು; ಬಡಾವಣೆಯ ಒಟ್ಟು ಶಾಲೆಗಳನ್ನು ಒಂದಾಗಿ ಹಿಡಿದು ಅಳೆಯಬೇಕು. ಆಗಲೇ ವಿದ್ಯೆಯನ್ನು ಬಿಟ್ಟ ಮಗು ಯಾವುದು, ಶಾಲೆಯನ್ನು ಮಾತ್ರ ಬಿಟ್ಟ ಮಗು ಯಾವುದು ಎಂಬುದು ತಿಳಿದೀತು.

ಇಂತಹ ಅಳತೆಗೆ ಬೇಕಾದ ಆಧಾರಗಳು ಶಾಲೆಗಳ ಕಪಾಟುಗಳಲ್ಲಿಯೇ ಇವೆ. ಸೇರ್ಪಡೆಯ ರಿಜಿಸ್ಟರಿನಲ್ಲಿ ಮಗುವಿನ ಹೆಸರು, ಜನ್ಮದಿನ, ಮನೆಮಾತು, ತಂದೆಯ ಉದ್ಯೋಗ, ಸೇರಿದ ದಿನ, ಬಿಟ್ಟ ದಿನ, ಬಿಡಲು ಕಾರಣ ಮುಂತಾದುವನ್ನು ಬರೆಯುವ ರೂಢಿಯಿದೆ. ವರ್ಗಾವಣೆ ಪತ್ರದ ಪ್ರತಿಗಳಿಂದ ಅದು ಮುಂದೆ ಎಲ್ಲಿಗೆ ಹೋಯಿತೆಂಬುದನ್ನು ಹಿಂಬಾಲಿಸಬಹುದು. ಶಾಲೆಯೊಂದು ಮುಚ್ಚಿದಾಗ, ಇಲ್ಲವೆ ಇನ್ನೊಂದರೊಡನೆ ವಿಲೀನವಾದಾಗ, ಮೊದಲು ನಷ್ಟವಾಗುವುದು ಈ ಪುಸ್ತಕಗಳು. ಕಾಲೇಜುಗಳ ಚರಿತ್ರೆಯ ವಿಭಾಗಗಳು ತಮ್ಮ ನೆರೆಯ ಹಳೆಯ ಶಾಲೆಗಳ ರಿಜಿಸ್ಟರುಗಳನ್ನು ಮುಖ್ಯೋಪಾಧ್ಯಾಯರ ಅನುಮತಿಯಿಂದ, ಮಕ್ಕಳ ಹೆಸರುಗಳನ್ನು ಗೋಪ್ಯವಾಗಿಟ್ಟು, ಪ್ರತಿಮಾಡಿಸಿ ಕಾಪಾಡುವ ಕೆಲಸವನ್ನು ಕೈಗೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ಎಂ. ಎ. ತರಗತಿಯ ಒಬ್ಬ ವಿದ್ಯಾರ್ಥಿಯು ಒಂದು ಶಾಲೆಯ ಇಪ್ಪತ್ತು ವರ್ಷಗಳ ರಿಜಿಸ್ಟರನ್ನು ಒಂದು ವರ್ಷದೊಳಗೆ ಪರಿಶೀಲಿಸಬಹುದು. ಹತ್ತು ಕಾಲೇಜುಗಳು ಈ ಕಾರ್ಯದಲ್ಲಿ ತೊಡಗಿದರೆ ದಂಡುಪ್ರದೇಶದ ಶಾಲೆಗಳ ಚರಿತ್ರೆಯೊಂದು ಸಿದ್ಧವಾದೀತು. ಅದರಲ್ಲಿ ಸೇರ್ಪಡೆ, ಉಳಿವು, ಉಪಾಧ್ಯಾಯ ವರ್ಗ ಈ ಮೂರೂ ಒಂದೇ ಪುಟದಲ್ಲಿ ನಿಲ್ಲುತ್ತವೆ.